ಕಂಬಳಿಯೊಳಗಿನ ಬಾಟಲಿಗಳು

೫ ಡಿಸೆಂಬರ್ ೨೦೧೧, ಸೋಮವಾರ

ಈ ನೋಟುಬುಕ್ಕನ್ನು ನೀರಿನ ಪರೀಕ್ಷೆಯ ತರಬೇತಿ ಕೊಡಲು ಬಾಗಲಕೋಟೆಯಿಂದ ಬಂದ ಮೇಡಮ್ಮಾರು ಕೊಟ್ಟರು. ಮುಂದಿನ ಹಾಳೆಗಳಲ್ಲಿ ಬಾಟಲಿಯ ನಂಬರು, ಯಾವ ನಳ, ತಾರೀಖು, ಬಣ್ಣ ಬರೆಯಬೇಕು. ಹಿಂದಿನ ಹಾಳೆಗಳಿಂದ ನಾನು ನನ್ನದನ್ನು ಬರೆಯುತ್ತಿದ್ದೇನೆ. ಯಾರೂ ನೋಡುವುದಿಲ್ಲ. ನಮ್ಮ ಮನೆಯಲ್ಲಿ ಓದು ಬರುವುದು ನನಗೆ ಮತ್ತು ದುಂಡೇಶಣ್ಣನಿಗೆ ಮಾತ್ರ, ಅಣ್ಣ ಕಬ್ಬಿನ ಹಂಗಾಮು ಮುಗಿಯುವವರೆಗೆ ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲೇ ಇರುತ್ತಾನೆ.

ಮಹಿಳಾ ಸಂಘದ ಸಭೆಯಲ್ಲಿ ಈ ಕೆಲಸ ಯಾರಿಗೂ ಬೇಡವಾಗಿತ್ತು. ಊರಿನ ನೀರು ಕುಡಿಯಲು ಯೋಗ್ಯವೋ ಅಲ್ಲವೋ ನೋಡುವುದು. ವಾರಕ್ಕೊಮ್ಮೆ ಆರು ಬಾಟಲಿ. ನಮ್ಮ ಓಣಿಯ ಮುದುಕಿ ಕೆಂಪವ್ವ ಅಂದಳು, "ಅಮಸಿದ್ದಪ್ಪನ ಮಗಳು ಮಾಯಾ ಮಾಡತಾಳ್ರಿ. ಅಕಿಗೆ ಬಾಯೇ ಇಲ್ಲ, ಬ್ಯಾಡ ಅನ್ನಾಂಗಿಲ್ಲ."

ಎಲ್ಲರೂ ನಕ್ಕರು. ನಾನು ಬೇಡ ಅನ್ನಲಿಲ್ಲ.

ಬಾಟಲಿ ಹೆಬ್ಬೆರಳಿನಷ್ಟು ದಪ್ಪ. ಒಳಗೆ ಔಷಧ ಹಚ್ಚಿದ ಕಾಗದದ ಚೂರು. ನಳವನ್ನು ಸ್ವಲ್ಪ ಹೊತ್ತು ಹರಿಯಬಿಟ್ಟು ಗೆರೆಯವರೆಗೆ ನೀರು ತುಂಬಬೇಕು, ಬಾಟಲಿಯ ಬಾಯಿಗೆ ಬೆರಳು ತಾಗಿಸಬಾರದು. ನೀರು ತಿಳಿಯಾಗಿ ಉಳಿದರೆ ಒಳ್ಳೆಯದು. ಕಾಡಿಗೆಯಂತೆ ಕಪ್ಪಾದರೆ ಅದರಲ್ಲಿ ಹೊಲಸು ಸೇರಿದೆ, ಹೊಟ್ಟೆ ಕೆಡಿಸುವ ಹುಳು ಇವೆ ಎಂದರ್ಥ. ಅವು ಕಣ್ಣಿಗೆ ಕಾಣುವುದಿಲ್ಲವಂತೆ.

ಇವತ್ತು ಬೋರು, ದೊಡ್ಡ ಟಾಕಿ, ಪಂಚಾಯಿತಿ ಕಚೇರಿಯ ನಳ, ಹಳ್ಳದ ಈಚೆಗಿರುವ ನಮ್ಮ ಓಣಿಯಲ್ಲಿ ಬೀರದೇವರ ಗುಡಿಯ ನಳ, ಕೆಂಪವ್ವನ ಮನೆ, ನಮ್ಮ ಮನೆ. ಆರು.

೭ ಡಿಸೆಂಬರ್

ಬಾಟಲಿಗಳನ್ನು ಪಂಚಾಯಿತಿ ಕಾರ್ಯದರ್ಶಿ ಬಾಳಾಸಾಹೇಬರು ಕಚೇರಿಯ ಕಬ್ಬಿಣದ ಕಪಾಟಿನಲ್ಲಿ ಇಡಿಸಿದ್ದರು. ನಿನ್ನೆಯೇ ತೆಗೆದು ನೋಡಿದರಂತೆ. ಆರೂ ತಿಳಿ.

"ನೋಡಿದೇನು ತಂಗಿ, ನಮ್ಮೂರ ನೀರು ಅಂದ್ರ ಹಾಲು," ಎಂದು ರಜಿಸ್ಟರಿನ ಮೇಲೆ ಬೆರಳಿಟ್ಟರು. "ಇಲ್ಲಿ ಸಹಿ ಮಾಡು."

ಏನು ಬರೆದಿದ್ದಾರೆಂದು ಓದಲಿಲ್ಲ. ಸಹಿ ಮಾಡಿದೆ. ಕಚೇರಿಗೆ ಹೋಗಬೇಕೆಂಬ ಹೆದರಿಕೆಗೆ ಬೆಳಿಗ್ಗೆ ರೊಟ್ಟಿಯನ್ನೂ ತಿನ್ನದೆ ಬಂದಿದ್ದೆ.

ಮನೆಗೆ ಬಂದು ಅಣ್ಣನ ಹೆಂಡತಿ ಸುವರ್ಣಾ ವೈನಿಗೆ ಹೇಳಿದೆ, "ನೀರು ಛಲೋ ಐತಂತ ವೈನಿ."

ವೈನಿಗೆ ಸಮಾಧಾನವಾಯಿತು. ದೀಪಾವಳಿಯಿಂದ ರಂಜನಾಗೆ ಎರಡು ಸಲ ವಾಂತಿಭೇದಿಯಾಗಿತ್ತು. ಅವಳ ಹನ್ನೊಂದು ತಿಂಗಳ ಕೂಸು. ಅದಕ್ಕೇ ವೈನಿ ದಿನಾ ಅದರ ನೀರು ಕಾಯಿಸಿ ಆರಿಸುತ್ತಿದ್ದಳು. "ಹಂಗಾದ್ರ ಇನ್ನ ಕಾಸೂದು ಬಿಡತೀನಿ. ಕಟಗಿ ಎಲ್ಲಿಂದ ತರೂದು," ಎಂದಳು.

೧೨ ಡಿಸೆಂಬರ್, ಸೋಮವಾರ

ಆರು ಬಾಟಲಿ ತುಂಬಿದೆ. ಚಳಿ ಬಹಳ.

೧೬ ಡಿಸೆಂಬರ್

ರಂಜನಾಗೆ ಮತ್ತೆ ಶುರುವಾಗಿದೆ. ಈ ಸಲ ಕಣ್ಣು ಒಳಗೆ ಹೋಗಿವೆ. ಅತ್ತರೆ ಕಣ್ಣೀರು ಬರುತ್ತಿಲ್ಲ. ಅವ್ವ ದೃಷ್ಟಿ ತೆಗೆದಳು. ವೈನಿ, ನಾನು ಟಂಟಂ ಗಾಡಿ ಹಿಡಿದು ಮುಧೋಳಕ್ಕೆ ಹೋದೆವು. ಡಾಕ್ಟರು ಸಲಾಯನ್ ಹಚ್ಚಿ ನಮ್ಮನ್ನೇ ಬೈದರು: "ಎಂಥಾ ನೀರು ಕುಡಸಾಕತ್ತೀರಿ? ಇನ್ನೊಮ್ಮೆ ಹಿಂಗ ಆದ್ರ ಕೂಸು ಉಳೀತೈತಂತ ನಾ ಹೇಳಾಂಗಿಲ್ಲ ನೋಡ್ರಿ."

ವೈನಿ ನನ್ನ ಮುಖ ನೋಡಿದಳು. ಅವಳೂ ಬೈದಿದ್ದರೆ ಚೆನ್ನಾಗಿತ್ತು.

ನೀರು ಛಲೋ ಐತಿ ಎಂದು ಹೇಳಿದವಳು ನಾನು. ಸಹಿ ಮಾಡಿದವಳು ನಾನು.

೧೭ ಡಿಸೆಂಬರ್

ಮೇಡಮ್ಮಾರಿಗೆ ಫೋನು ಮಾಡಿದೆ. ನಂಬರು ಒತ್ತಿ ಎರಡು ಸಲ ಕತ್ತರಿಸಿದ್ದೆ. ಮೂರನೆಯ ಸಲ ಅವರೇ ತಿರುಗಿ ಮಾಡಿದರು. ಬಾಟಲಿ ಎಲ್ಲಿಟ್ಟಿರಿ ಎಂದು ಕೇಳಿದರು. ಕಬ್ಬಿಣದ ಕಪಾಟು ಎಂದೆ. "ಅಯ್ಯ ಮಾಯಾ! ಬೆಚ್ಚಗ ಇಡಬೇಕು, ಪೂರಾ ಎರಡು ದಿನ. ಥಂಡಿಯೊಳಗ ಇಟ್ರ ಹುಳು ಬೆಳೆಯೂದಿಲ್ಲ, ಬಾಟಲಿ ಸುಳ್ಳು ಹೇಳತೈತಿ," ಎಂದರು.

ಬಾಟಲಿ ಇಡುವವರು ಪಂಚಾಯಿತಿಯವರೆಂದು ಈ ಮಾತು ತರಬೇತಿಯ ದಿನ ಬಾಳಾಸಾಹೇಬರಿಗೆ ಮಾತ್ರ ಹೇಳಿದ್ದರಂತೆ. ಅವರು ಒಳಗೆ ಕುಳಿತು ಚಹಾ ಕುಡಿಯುತ್ತಿದ್ದರು, ನನಗೆ ನೆನಪಿದೆ.

೧೯ ಡಿಸೆಂಬರ್, ಸೋಮವಾರ

ಬಾಟಲಿಗಳನ್ನು ಕಚೇರಿಗೆ ಒಯ್ಯಲಿಲ್ಲ. ಬೆಚ್ಚಗೆ ಎಲ್ಲಿಡುವುದು ಎಂದು ಯೋಚಿಸುತ್ತಿದ್ದಾಗ ಅವ್ವ ಹಾಲಿಗೆ ಹೆಪ್ಪು ಹಾಕಿ, ಗಡಿಗೆಯನ್ನು ಅಪ್ಪನ ಕಂಬಳಿಯಲ್ಲಿ ಸುತ್ತಿ ನೀರೊಲೆಯ ಪಕ್ಕ ಇಟ್ಟಳು. ಚಳಿಗಾಲದಲ್ಲಿ ಹಾಗೆ ಮಾಡದಿದ್ದರೆ ನಮ್ಮಲ್ಲಿ ಮೊಸರಾಗುವುದಿಲ್ಲ. ಗಡಿಗೆಯ ಮಗ್ಗುಲಿಗೇ ಆರೂ ಬಾಟಲಿ ಇಟ್ಟು ಸುತ್ತಿದೆ.

"ಇವಕ್ಕೂ ಹೆಪ್ಪು ಹಾಕಿದೇನ?" ಎಂದು ಅವ್ವ ನಕ್ಕಳು.

೨೧ ಡಿಸೆಂಬರ್

ಬೋರಿನದು ತಿಳಿ. ಟಾಕಿಯದು ತಿಳಿ. ಕಚೇರಿಯದು ತಿಳಿ. ಗುಡಿಯ ನಳ, ಕೆಂಪವ್ವನ ಮನೆ, ನಮ್ಮ ಮನೆ, ಮೂರೂ ಕಪ್ಪು. ಹಳ್ಳದ ಆಚೆ ಕುಡಿಯುವವರಿಗೆ ಒಳ್ಳೆಯ ನೀರು, ಈಚೆ ನಮ್ಮ ಕುರುಬರ ಓಣಿಗೆ ಕಾಡಿಗೆಯಂಥ ನೀರು.

ವೈನಿ ಒಂದು ಬಾಟಲಿ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. "ಇದನ್ನ ನಾ ಚಮಚಾಲೆ ಕುಡಿಸೇನಿ ಕೂಸಿಗೆ," ಎಂದಳು.

ನಾಳೆ ಕಚೇರಿಗೆ ಒಯ್ಯುತ್ತೇನೆ.

೨೨ ಡಿಸೆಂಬರ್

ಬರೆಯಲು ಕೈ ಬರುತ್ತಿಲ್ಲ, ಅಷ್ಟು ಸಿಟ್ಟು.

ಬಾಟಲಿಗಳನ್ನು ಟೇಬಲ್ಲಿನ ಮೇಲಿಟ್ಟೆ. ಬಾಳಾಸಾಹೇಬರು ಎಲ್ಲಿಟ್ಟಿದ್ದೆ ಎಂದು ಕೇಳಿದರು. ಕಂಬಳಿಯೊಳಗೆ ಎಂದೆ. ಅವರು ವಾಟರ್‌ಮನ್ ರಾಮಲಿಂಗಪ್ಪ ಕಾಕಾನನ್ನು ಕೂಗಿ ಕರೆದರು.

"ಕೇಳಿದೇನೋ ರಾಮಲಿಂಗಪ್ಪ, ಕುರಿ ಕಂಬಳಿಯೊಳಗ ಇಟ್ಟು ಕರಿ ಆತು ಅಂತಾಳ! ಕರಿ ಕಂಬಳಿ ಬಣ್ಣ ಬಿಟ್ಟೈತಿ ಬಿಡು."

"ಕುರಿ ಹಿಕ್ಕಿ ಬಿದ್ದಿರಬೇಕ್ರಿ ಒಳಗ," ಎಂದು ಕಾಕಾನೂ ನಕ್ಕ.

"ತಂಗಿ, ನಿಮ್ಮ ಹೊಲಸು ನಿಮ್ಮ ಬಾಟಲಿಗೆ ಹತ್ತೈತಿ. ಸರಕಾರದ ನೀರಿಗೆ ಹೆಸರಿಡಬ್ಯಾಡ. ಸಹಿ ಮಾಡೀದಿ ಅಲ್ಲ ಅವತ್ತ?"

ಬಾಟಲಿ ತೆಗೆದುಕೊಂಡು ಬಂದೆ. ಬಾಗಿಲಲ್ಲಿ ಚಪ್ಪಲಿ ಕೂಡ ತಪ್ಪಿ ಬೇರೆಯವರದು ಮೆಟ್ಟಿ, ಮತ್ತೆ ಹೋಗಿ ಬದಲಿಸಿದೆ.

೨೩ ಡಿಸೆಂಬರ್

ನಾನು ಹೇಳಬೇಕಿದ್ದದ್ದು ಇದು: ಬಾಳಾಸಾಹೇಬರ, ಅದೇ ಕಂಬಳಿಯೊಳಗ ಬೋರಿನ ಬಾಟಲಿನೂ ಇತ್ತು. ನಿಮ್ಮ ಕಚೇರಿ ಬಾಟಲಿನೂ ಇತ್ತು. ಕಂಬಳಿ ಬಣ್ಣ ಬಿಡೂದಾದ್ರ ಆ ಮೂರಕ್ಕ ಯಾಕ ಬಿಡಲಿಲ್ಲ? ನಮ್ಮ ಓಣಿ ನೀರು ಅಂತ ಕಂಬಳಿಗೆ ಹೆಂಗ ಗೊತ್ತಾತು?

ಒಂದು ದಿನ ತಡವಾಗಿ ಹೊಳೆಯಿತು. ಯಾವಾಗಲೂ ಹೀಗೆ.

೨೮ ಡಿಸೆಂಬರ್

ಮೊನ್ನೆ ಇನ್ನೊಂದು ಪರೀಕ್ಷೆ ಮಾಡಿದೆ. ನಮ್ಮದೇ ನಳದ ನೀರನ್ನು ಕುದಿಸಿ, ಆರಿಸಿ, ಒಂದು ಬಾಟಲಿಗೆ ತುಂಬಿದೆ. ಕುದಿಸದ ನೀರು ಇನ್ನೊಂದಕ್ಕೆ. ಎರಡನ್ನೂ ಒಂದೇ ಕಂಬಳಿಯಲ್ಲಿ, ಮೊಸರಿನ ಗಡಿಗೆಯ ಪಕ್ಕ ಇಟ್ಟೆ. ಇವತ್ತು ನೋಡಿದರೆ ಕುದಿಸಿದ್ದು ತಿಳಿ. ಕುದಿಸದ್ದು ಕಪ್ಪು.

ನಮ್ಮ ಕಂಬಳಿ ಹೊಲಸಲ್ಲ. ಹೊಲಸು ನೀವು ಕೊಟ್ಟ ನೀರಿನಲ್ಲಿದೆ.

ವೈನಿ ಈಗ ನೀರು ಕಾಯಿಸುತ್ತಾಳೆ. ನಾನು ಕಟ್ಟಿಗೆ ತರುತ್ತೇನೆ. ಆದರೆ ಓಣಿಯಲ್ಲಿ ನಲವತ್ತು ಮನೆಗಳಿವೆ.

೨ ಜನವರಿ ೨೦೧೨, ಸೋಮವಾರ

ರಾಮಲಿಂಗಪ್ಪ ಕಾಕಾನಿಗೆ ಅವತ್ತು ನಕ್ಕದ್ದಕ್ಕೆ ಬೇಜಾರಾಗಿತ್ತೋ ಏನೋ, ಪೈಪು ಎಲ್ಲೆಲ್ಲಿ ಹೋಗಿದೆ ತೋರಿಸು ಎಂದಾಗ ಬಂದ. ಟಾಕಿಯಿಂದ ನಮ್ಮ ಓಣಿಗೆ ಬರುವ ಪೈಪು ಹಳ್ಳ ದಾಟುತ್ತದೆ. ಹಳ್ಳದಲ್ಲಿ ಈಗ ಮಳೆನೀರಿಲ್ಲ, ಊರ ಗಟಾರ ಹರಿಯುತ್ತದೆ. ಹಳ್ಳದ ಆಚೆಯ ವಾಲ್ವಿನಿಂದ ಒಂದು ಬಾಟಲಿ, ಈಚೆಯ ಮೊದಲ ನಳದಿಂದ ಒಂದು, ಹಳ್ಳದ ನೀರೇ ಒಂದು.

"ಹಳ್ಳದ್ದು ಪೈಪಿನಾಗ ಹೆಂಗ ಬರತೈತಿ ಕಾಕಾ?"

"ತೂತು ಇದ್ರ ಬರತೈತಿ. ನೀರು ಬಿಟ್ಟಾಗ ಪೈಪು ಹೊರಗ ಉಗಳತೈತಿ. ಬಂದ್ ಮಾಡಿದಾಗ ಒಳಗ ಎಳಕೋತೈತಿ, ಬೀಡಿ ಎಳದಂಗ." ಬೀಡಿ ಎಳೆದೇ ತೋರಿಸಿದ.

"ಹಂಗಾದ್ರ ನಿನಗ ಗೊತ್ತಿತ್ತು."

"ಗೊತ್ತಿತ್ತು ಅಂದ್ರ... ಇಳದು ನೋಡಿಲ್ಲವಾ. ಗಟಾರದಾಗ ಯಾರ ಇಳೀತಾರ?"

೪ ಜನವರಿ

ಹಳ್ಳದ ಬಾಟಲಿ ಮರುದಿನ ಮಧ್ಯಾಹ್ನಕ್ಕೇ ಕಪ್ಪಾಗಿತ್ತು. ಆಚೆಯ ವಾಲ್ವು ತಿಳಿ. ಈಚೆಯ ನಳ ಕಪ್ಪು.

ತೂತು ಹಳ್ಳದಲ್ಲಿದೆ. ನಾಳೆ ನಾನೇ ಇಳಿಯುತ್ತೇನೆ. ಸಿಕ್ಕ ಮೇಲೆ ಬಾಳಾಸಾಹೇಬರ ಟೇಬಲ್ಲಿನ ಮೇಲೆ ಆ ಪೈಪನ್ನೇ ತಂದು ಇಡಬೇಕು ಅನ್ನಿಸುತ್ತಿದೆ.

೫ ಜನವರಿ

ಸಿಕ್ಕಿತು.

ಮೊಣಕಾಲವರೆಗೆ ಗಟಾರ. ಪೈಪಿನ ಮೇಲೆ ಕೈಯಾಡಿಸುತ್ತ ಹೋದೆ. ನಡುವಿನಲ್ಲಿ ಒಂದು ಕಟ್ಟಿಗೆಯ ಬೆಣೆ ತಾಗಿತು. ದುಂಡಗಿನ ತೂತಿಗೆ ಬಡಿದು ಕೂರಿಸಿದ್ದಾರೆ. ಒಡೆದ ತೂತಲ್ಲ, ಕಾದ ಸರಳಿನಿಂದ ಸುಟ್ಟು ಮಾಡಿದ ತೂತು, ಅಂಚು ಕರಗಿ ಗುಂಡಗೆ ಗಟ್ಟಿಯಾಗಿದೆ. ಕುರಿಯ ಹೊಟ್ಟೆ ಉಬ್ಬಿದಾಗ ಬರೆ ಹಾಕುವ ಸರಳಿನಷ್ಟೇ ದಪ್ಪ.

ಬೆಣೆಗೆ ಕಂಬಳಿಯ ಚೂರು ಸುತ್ತಿದೆ. ಕರಿ ಕಂಬಳಿ, ಅಂಚಿಗೆ ಕೆಂಪು ಎಳೆ. ಅವ್ವ ನೂತ ಎಳೆ ಅದು.

ಬೆಣೆ ಕೀಳಲಿಲ್ಲ. ಮನೆಗೆ ಬಂದು ಕಾಲು ತೊಳೆದೆ. ಮತ್ತೆ ಮತ್ತೆ ತೊಳೆದೆ.

೬ ಜನವರಿ

ಅಪ್ಪ ಕುರಿ ಹಟ್ಟಿಯಲ್ಲಿದ್ದ. ಕೇಳಿದೆ.

"ಹೌದು, ನಾನ ಮಾಡೇನಿ," ಎಂದ. ಮುಚ್ಚಿಡಲಿಲ್ಲ. "ಹ್ವಾದ ಬ್ಯಾಸಗ್ಯಾಗ ಹಳ್ಳ ಬತ್ತಿತ್ತು. ಕುರಿ ನೀರು ಕುಡಿಯೂ ತೊಟ್ಟಿ ಕಟ್ಟಿಸಿಕೊಡ್ರಿ ಅಂತ ಮೂರು ಸಲ ಅರ್ಜಿ ಕೊಟ್ಟೆ. ಕುರಿಗೆ ಯೋಜನಾ ಇಲ್ಲ ಅಂದ ನಿನ್ನ ಬಾಳಾಸಾಹೇಬ. ಹನ್ನೊಂದು ಮರಿ ಸತ್ತವು. ನಿನ್ನ ಕಣ್ಣಮುಂದನ ಸತ್ತವು. ಸರಳು ಕಾಸಿ ತೂತು ಹೊಡದೆ. ಓಣಿ ಕುರಿ ಎಲ್ಲಾ ಕುಡದು ಬದಕಿದವು."

"ಆಮ್ಯಾಲ?"

"ಮಳಿ ಬಂದ ಮ್ಯಾಲ ಬೆಣಿ ಬಡದು, ಕಂಬಳಿ ಸುತ್ತಿ ಬಿಗಿ ಮಾಡೇನಿ. ಒಂದ ಹನಿ ಸೋರೂದಿಲ್ಲ, ಹೋಗಿ ನೋಡು."

"ಹೊರಗ ಸೋರೂದಿಲ್ಲ ಯಪ್ಪಾ. ಒಳಗ ಹೋಗತೈತಿ."

ಅರ್ಥವಾಗಲಿಲ್ಲ ಅವನಿಗೆ. ಕಪ್ಪು ಬಾಟಲಿ ತೋರಿಸಿದೆ. ರಂಜನಾ ಅಂದೆ. ಅಷ್ಟೇ ಅಂದೆ. ಅಪ್ಪ ಬಾಟಲಿಯನ್ನು ಕೈಯಿಂದ ಕಸಿದು ಕಲ್ಲಿಗೆ ಎಸೆದ. ಒಳಗೆ ಹೋಗಿ, ಬಾಟಲಿ ಸುತ್ತುತ್ತಿದ್ದ ಕಂಬಳಿಯನ್ನು ಎಳೆದುಕೊಂಡು ಹೆಗಲಿಗೆ ಹಾಕಿ ಕುರಿಯ ಹಿಂದೆ ಹೋದ.

೧೦ ಜನವರಿ

ಯಾರಿಗೂ ಹೇಳಿಲ್ಲ.

೧೫ ಜನವರಿ, ಸಂಕ್ರಾಂತಿ

ಹಬ್ಬಕ್ಕೆ ದುಂಡೇಶಣ್ಣ ಬಂದಿದ್ದ. ಅಪ್ಪನ ಬಾಯಿಂದಲೇ ಕೇಳಿದ್ದ ಅವ್ವ ಅವನಿಗೆ ಎಲ್ಲ ಹೇಳಿ, "ಊರಿಗೆ ಗೊತ್ತಾಗೂದು ಬ್ಯಾಡ. ನಿಮ್ಮಪ್ಪ ತಲಿ ಎತ್ತಿ ತಿರಗಬೇಕು. ನೀನ ಏನರ ಮಾಡು," ಎಂದಳು. ಅಣ್ಣ ಹಳ್ಳಕ್ಕಿಳಿದು ತೂತಿಗೆ ಸೈಕಲ್ ಟ್ಯೂಬು ಸುತ್ತಿ ತಂತಿ ಬಿಗಿದ. ಮೈಯೆಲ್ಲ ಗಟಾರ ಮಾಡಿಕೊಂಡು ಬಂದು, "ಆತು ನೋಡು, ಮುಗೀತು," ಎಂದ.

ದೇವರೇ, ಮುಗಿದಿರಲಿ.

೧೮ ಜನವರಿ

ಕಂಬಳಿ ಇಲ್ಲ, ನಮ್ಮ ನಳದ ಬಾಟಲಿಯನ್ನು ಕೌದಿಯಲ್ಲಿ ಸುತ್ತಿಟ್ಟಿದ್ದೆ. ಕಪ್ಪು. ಮುಗಿದಿಲ್ಲ. ಪೈಪೇ ಬದಲಾಗಬೇಕು, ಅದನ್ನು ಪಂಚಾಯಿತಿಯೇ ಮಾಡಬೇಕು. ಪಂಚಾಯಿತಿಗೆ ತೂತು ತೋರಿಸಿದರೆ ಬೆಣೆ ತೋರಿಸಬೇಕು.

೨೧ ಜನವರಿ

ಕೆಂಪವ್ವನಿಗೆ ವಾಂತಿಭೇದಿ. ಎಪ್ಪತ್ತು ವರ್ಷದ ಮುದುಕಿಯನ್ನು ಚಾದರದಲ್ಲಿ ಎತ್ತಿ ಟಂಟಂಗೆ ಹಾಕಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ನನ್ನನ್ನು ನೋಡಿ, "ಏ ಬಾಯಿಲ್ಲದಾಕಿ, ನೀರು ಹೆಂಗೈತಿ ಬೇ ಈಗ?" ಎಂದು ನಗಲು ನೋಡಿದಳು.

ನನಗೆ ಬಾಳಾಸಾಹೇಬರ ಮೇಲೆ ಸಿಟ್ಟು. ಅಪ್ಪನ ಮೇಲೆ ಸಿಟ್ಟು. ಹದಿನೈದು ದಿನದಿಂದ ಎಲ್ಲ ಗೊತ್ತಿದ್ದು ಬಾಯಿ ಮುಚ್ಚಿಕೊಂಡಿರುವವಳ ಮೇಲೆ ಎಲ್ಲಕ್ಕಿಂತ ಹೆಚ್ಚು.

೨೬ ಜನವರಿ

ಆದದ್ದನ್ನು ಆದಂತೆಯೇ ಬರೆಯುತ್ತೇನೆ.

ಝಂಡಾ ಏರಿಸಿದ ಮೇಲೆ ಸಾಲೆಯ ಅಂಗಳದಲ್ಲಿ ಗ್ರಾಮಸಭೆ. ಬಾಳಾಸಾಹೇಬರು ರಜಿಸ್ಟರು ಓದಿದರು. ರಸ್ತೆ, ದೀಪ, ಆಮೇಲೆ ನೀರು. "ಊರಿನ ಕುಡಿಯುವ ನೀರು ಪರೀಕ್ಷೆ ಮಾಡಲಾಗಿ ಎಲ್ಲಾ ಕಡೆ ಶುದ್ಧ ಇರುತ್ತದೆ. ಪರೀಕ್ಷೆ ಮಾಡಿದವರು ಮಾಯವ್ವ ಅಮಸಿದ್ದಪ್ಪ. ಅವರ ಸಹಿ ಐತಿ."

ನನ್ನ ಹೆಸರು ಅಷ್ಟು ಜನರ ಮುಂದೆ ಯಾರೂ ಯಾವತ್ತೂ ಓದಿರಲಿಲ್ಲ. ಒಂದು ಸುಳ್ಳಿಗೆ ಓದಿದರು.

ಯಾವಾಗ ಎದ್ದೆನೋ ಗೊತ್ತಿಲ್ಲ. "ಅದು ಖರೆ ಅಲ್ಲರಿ," ಎಂದೆ. ಕೇಳಿಸಲಿಲ್ಲ ಯಾರಿಗೂ. ಇನ್ನೊಮ್ಮೆ ಅಂದೆ. ಜೊತೆಗೆ ತಂದಿದ್ದ ಚೀಲದಿಂದ ಬಾಟಲಿ ತೆಗೆದು ಅವರ ಟೇಬಲ್ಲಿನ ಮೇಲೆ ಸಾಲಾಗಿ ಇಟ್ಟೆ.

"ಬಂತು ನೋಡ್ರಿ ಕಂಬಳಿ ಬಾಟಲಿ," ಎಂದರು ಬಾಳಾಸಾಹೇಬರು. ಜನ ನಕ್ಕರು.

"ಬಾಳಾಸಾಹೇಬರ, ನಿಮ್ಮ ಮನ್ಯಾಗ ಥಂಡ್ಯಾಗ ಮೊಸರು ಹೆಂಗ ಮಾಡತಾರ್ರಿ?" ಎಂದೆ.

"ಏನಂದಿ?"

"ಗಡಿಗಿಗೆ ಕಂಬಳಿ ಸುತ್ತತಾರ. ಹೆಪ್ಪು ಹಾಕದ ಹಾಲಿಗೆ ಬರೇ ಕಂಬಳಿ ಸುತ್ತಿಟ್ರ ಮೊಸರು ಆಗತೈತೇನ್ರಿ? ಹೆಪ್ಪು ಒಳಗ ಇದ್ರನ ಆಗೂದು. ಕುದಿಸಿದ ನೀರು ಅದ ಕಂಬಳಿಯೊಳಗ ತಿಳಿ ಉಳದೈತಿ, ಇದ ನೋಡ್ರಿ. ಹೊಲಸು ನೀರಿನಾಗ ಐತಿ."

ಈಗ ಹೆಂಗಸರು ನಕ್ಕರು. ನನ್ನನ್ನು ನೋಡಿ ಅಲ್ಲ. ಹಿಂದಿನಿಂದ ಯಾರೋ, "ಮೊಸರಿನ ಲೆಕ್ಕ ಹೇಳ್ರಿ ಸಾಹೇಬರ," ಎಂದರು. ರಾಮಲಿಂಗಪ್ಪ ಕಾಕಾ ಎದ್ದು, ಹಳ್ಳದ ಪೈಪಿನಲ್ಲಿ ತೂತಿರುವುದು ನಿಜ ಎಂದ.

ಬಾಳಾಸಾಹೇಬರ ಮುಖ ಕೆಂಪಾಯಿತು. "ತೂತು ಮಾಡಿದವರು ಯಾರು? ಸರಕಾರಿ ಪೈಪು! ಕೇಸು ಹಾಕತೀನಿ. ಹೆಸರು ಹೇಳು!"

ಅಪ್ಪ ಓಣಿಯವರ ನಡುವೆ ಕುಳಿತಿದ್ದ. ಕಂಬಳಿ ಹೆಗಲ ಮೇಲಿತ್ತು. ನಾನು ಅವನ ಕಡೆ ನೋಡಲಿಲ್ಲ. ನೋಡಿದ್ದರೆ ಆಗುತ್ತಿರಲಿಲ್ಲ.

"ನಮ್ಮಪ್ಪ ಮಾಡ್ಯಾನ್ರಿ," ಎಂದೆ. "ಮೂರು ಅರ್ಜಿ ಕೊಟ್ಟ ಮ್ಯಾಲ ಮಾಡ್ಯಾನ. ಕೇಸು ಹಾಕ್ರಿ. ಮೊದಲ ಆ ಮೂರೂ ಅರ್ಜಿ ತಗದು ಇಲ್ಲೆ ಓದ್ರಿ. ಕುರಿಗೆ ನೀರಿಲ್ಲ ಅಂದವರು ಯಾರು ಅನ್ನೂದೂ ಊರಿಗೆ ಗೊತ್ತಾಗಲಿ. ತೂತು ಅವಾ ಮಾಡ್ಯಾನ. ಶುದ್ಧ ಅಂತ ಬರದವರು ನೀವು. ಸಹಿ ಮಾಡಿದಾಕಿ ನಾನು. ಕುಡದದ್ದು ನಮ್ಮ ಕೂಸು."

ಅಪ್ಪ ಎದ್ದು ಕಂಬಳಿ ಝಾಡಿಸಿ ಹೊರಟುಹೋದ.

ಅರ್ಜಿಗಳು ಎರಡು ಸಿಕ್ಕವು. ಮೂರನೆಯದು ಇಲ್ಲವಂತೆ.

೨೭ ಜನವರಿ

ಸಹಿ ಮಾಡು ಬಾ ಎಂದು ಕರೆಸಿದ್ದರು. ರಜಿಸ್ಟರಿನಲ್ಲಿ ಹೀಗಿತ್ತು: "ಕುರುಬರ ಓಣಿಯವರು ಪೈಪಿಗೆ ರಂಧ್ರ ಮಾಡಿದ ಕಾರಣ ನೀರು ಕೆಟ್ಟಿರುತ್ತದೆ. ಪೈಪು ಬದಲಿಸಲು ತೀರ್ಮಾನಿಸಲಾಯಿತು."

ಮೂರು ಸಲ ಓದಿದೆ. ನಿಧಾನ ಓದುತ್ತೇನೆ ನಾನು, ಅವರು ಪೆನ್ನು ಕುಟ್ಟುತ್ತ ಕುಳಿತರು. ಆ ಪೆನ್ನೇ ಇಸಿದುಕೊಂಡು ಕೆಳಗೆ ಬರೆದೆ: ಕುರಿ ತೊಟ್ಟಿಗೆ ಮೂರು ಸಲ ಅರ್ಜಿ ಕೊಟ್ಟಿದ್ದರು, ತೊಟ್ಟಿ ಕಟ್ಟಿಸಲಿಲ್ಲ. ಡಿಸೆಂಬರ್ ೭ರ ನನ್ನ ಸಹಿ ತಪ್ಪು. ಬಾಟಲಿಗಳನ್ನು ತಣ್ಣನೆಯ ಕಪಾಟಿನಲ್ಲಿಟ್ಟು ಒಂದೇ ದಿನಕ್ಕೆ ನೋಡಿದ್ದರು. ಇಷ್ಟು ಬರೆದ ಮೇಲೆ ಸಹಿ ಮಾಡಿದೆ.

ಸಾಲುಗಳು ಸೊಟ್ಟ ಆದವು. ಇರಲಿ.

"ರಜಿಸ್ಟರು ಕೆಡಿಸಿದೆಲ್ಲ!" ಎಂದರು.

"ಅದು ಮೊದಲ ಕೆಟ್ಟಿತ್ರಿ," ಎಂದೆ.

೨ ಫೆಬ್ರವರಿ

ಹಳ್ಳದಲ್ಲಿ ಹೊಸ ಪೈಪು ಹಾಕಿದರು, ಗಟಾರದ ಮೇಲೆ ಎತ್ತರದಲ್ಲಿ. ಕೇಸಿನ ಮಾತು ಯಾರೂ ಎತ್ತುತ್ತಿಲ್ಲ. ಕುರಿ ತೊಟ್ಟಿಗೆಂದು ಇಟ್ಟಿಗೆ ಬಂದು ಬಿದ್ದಿವೆ, ಕಟ್ಟುವವರು ಬಂದಿಲ್ಲ. ನಾಳೆ ಕೇಳಬೇಕು.

ಕೆಂಪವ್ವ ದವಾಖಾನೆಯಿಂದ ಮನೆಗೆ ಬಂದಿದ್ದಾಳೆ. ಅಪ್ಪ ಎಂಟು ದಿನದಿಂದ ನನ್ನೊಂದಿಗೆ ಮಾತಾಡಿಲ್ಲ. ಊಟಕ್ಕೆ ಕುಳಿತರೆ ನೀರು ಬೇಕೆಂದು ಅವ್ವನನ್ನು ಕೇಳುತ್ತಾನೆ, ತಂಬಿಗೆ ನನ್ನ ಕೈಯಲ್ಲಿದ್ದರೂ.

೬ ಫೆಬ್ರವರಿ, ಸೋಮವಾರ

ಆರು ಬಾಟಲಿ ತುಂಬಿದೆ. ಕಚೇರಿಯ ನಳ ಬಿಟ್ಟು, ಆ ಬಾಟಲಿಗೆ ಸಾಲೆಯ ಟಾಕಿಯ ನೀರು ಹಿಡಿದೆ. ಯಾರನ್ನೂ ಕೇಳಲಿಲ್ಲ, ಕೇಳಬೇಕೆಂದು ಹೊಳೆಯಲೂ ಇಲ್ಲ.

ಸುತ್ತಲು ಕೌದಿ ಹುಡುಕುತ್ತ ಒಳಗೆ ಬಂದರೆ ನೀರೊಲೆಯ ಪಕ್ಕ ಅಪ್ಪನ ಕಂಬಳಿ ನಾಲ್ಕು ಮಡಿಕೆಯಾಗಿ ಇತ್ತು. ಬೆಣೆಗೆಂದು ಹರಿದಿದ್ದ ಮೂಲೆಯನ್ನು ದಬ್ಬಣದಿಂದ ಹೊಲಿದಿದ್ದಾನೆ. ಅವನು ಆಗಲೇ ಕುರಿ ಹೊಡೆದುಕೊಂಡು ಹೋಗಿದ್ದ.

"ಥಂಡಿ ಐತಿ, ಹೊಚ್ಚಗೊಂಡು ಹೋಗು ಅಂದೆ," ಎಂದಳು ಅವ್ವ. "ಇವತ್ತ ಸೋಮವಾರ, ಬಾಟಲಿಗೆ ಬೇಕಾಗತೈತಿ ಅಂದ."

೮ ಫೆಬ್ರವರಿ

ನಮ್ಮ ಓಣಿಯ ಮೂರೂ ತಿಳಿ. ವೈನಿ ಮೂರನ್ನೂ ಬೆಳಕಿಗೆ ಹಿಡಿದು ನೋಡಿದಳು. ಆದರೂ ನೀರು ಕಾಯಿಸುವುದು ಬಿಡುವುದಿಲ್ಲವಂತೆ, ಇನ್ನೂ ನಾಲ್ಕು ಸೋಮವಾರ ಆಗಲಿ ಎಂದಳು. ಸರಿ ಎಂದೆ. ರಂಜನಾ ಕಂಬಳಿ ಹಿಡಿದು ಎದ್ದು ನಿಂತಳು, ಬಿದ್ದಳು.

ಸಾಲೆಯ ಬಾಟಲಿ ಕಪ್ಪು. ನೂರಾ ಹತ್ತು ಮಕ್ಕಳು ಕುಡಿಯುವ ಟಾಕಿ ಅದು. ಮುಚ್ಚಳ ಒಡೆದು ಎಷ್ಟು ದಿನವಾಗಿದೆಯೋ, ಒಳಗೆ ಪಾರಿವಾಳ ಕೂರುತ್ತವೆ. ಇಷ್ಟು ದಿನ ಯಾರೂ ಹತ್ತಿ ನೋಡಿಲ್ಲ. ಹೆಡ್‌ಮಾಸ್ತರರು ಹತ್ತು ಗಂಟೆಗೆ ಬರುತ್ತಾರೆ.

ಅವ್ವ ರೊಟ್ಟಿ ಬಡಿಯುತ್ತಿದ್ದಾಳೆ. ಎರಡು ತಿಂದು, ಆ ಬಾಟಲಿ ಹಿಡಿದು ಸಾಲೆಗೆ ಹೋಗುತ್ತೇನೆ.